ನೋಟೀಸು ಮುಟ್ಟಿದೆ

“ನೋಟೀಸು ಮುಟ್ಟಿಲ್ಲವಂತೆ, ನೋಟೀಸು! ಬೆಳಗಾಗೆದ್ದು ಹೆಂಗೆ ಸುಳ್ಳು ಬೊಗಳ್ತಾಳೆ ನೋಡಿ ಸಾರ್ ಈ ಹೆಂಗ್ಸು. ಏಯ್, ಏಳಮ್ಮ ಮೇಲೆ. ಆ ಸೊಪ್ಪು ಗಿಪ್ಪು ಅತ್ಲಾಗೆ ಎಸಿ.”

ಕೋರ್ಟಿನ ಅಮೀನ ನಾರಾಯಣಪ್ಪ ಚಪ್ಪಲಿಗಾಲಿನಿಂದಲೇ ದಂಟಿನ ರಾಶಿಯನ್ನು ಪಕ್ಕಕ್ಕೆ ತಳ್ಳಿದ. ಮೆಂತ್ಯದ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದ ಮುನಿರತ್ನಮ್ಮನ ಕೈ ಅಲ್ಲೇ ನಿಂತಿತು. ಮಲ್ಲೇಶ್ವರದ ದೊಡ್ಡ ಮನೆಗಳ ಬೆನ್ನಿಗೆ, ಹಿಂದಿನ ಕಾಲದಲ್ಲಿ ಕಕ್ಕಸು ಬಾಚುವವರು ಓಡಾಡಲೆಂದು ಬಿಟ್ಟಿದ್ದ ಗಲ್ಲಿ ಅದು. ಆ ಗಲ್ಲಿಗೆ ಬಾಗಿಲು ಮಾಡಿಕೊಂಡಿದ್ದ ಒಂದು ಶೀಟಿನ ಮನೆಗೆ ಅವಳು ಸೊಸೆಯಾಗಿ ಬಂದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಕೋರ್ಟಿನವರು ಅತ್ತ ತಲೆ ಹಾಕಿದ್ದು ಅವಳು ಕಂಡಿರಲಿಲ್ಲ.

“ದೇವ್ರಾಣೆ ಸ್ವಾಮಿ, ಯಾರೂ ಬಂದಿಲ್ಲ. ಯಾವ ಕಾಗ್ದಾನೂ ಕೊಟ್ಟಿಲ್ಲ.”

“ನಾನೇ ಎರಡು ಸತಿ ಬಂದಿದ್ದೆ. ನೀನಿರ್ಲಿಲ್ಲ.”

“ಬೆಳಿಗ್ಗೆ ನಾಕಕ್ಕೆ ಮಾರ್ಕೆಟ್ಟಿಗೆ ಹೋಯ್ತೀನಿ, ಗಾಡಿ ತಳ್ಕೊಂಡು ಬರೋದು ಮದ್ಯಾನ. ನಮ್ಮೆಜಮಾನ್ರು ಒಳ್ಗೇ ಬಿದ್ದವ್ರಲ್ಲ ಸ್ವಾಮಿ. ಕೂಗಿದ್ರೆ ಆಯ್ತಿತ್ತು.”

“ನಿನ್ನ ಗಂಡನ್ನ ಎಬ್ಬಿಸೋ ಕೆಲ್ಸ ನಂದಲ್ಲ. ಆಮೇಲೆ ಕೋರ್ಟು ಪರ್ಮಿಷನ್ ಕೊಟ್ಟು ಕಂಪ್ಯೂಟರ್‌ನಾಗೆ ಕಳ್ಸವ್ರೆ. ನಿನ್ನ ಈ-ಮೇಲಿಗೆ.”

“ನಮ್ದು ಯಾವ ಮೇಲು ಸ್ವಾಮಿ? ನಾವು ಕೀಳು ಜನ.”

ಅಮೀನನ ಹಿಂದೆ ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದ ಮಧುಸೂದನ್ ನಕ್ಕುಬಿಟ್ಟ. ಮುಂದಿನ ಬಂಗಲೆ ಅವನದು. ಹಿಂದಿನ ಈ ಜಾಗವೂ ಕಾಗದದಲ್ಲಿ ಅವನದೇ. ಎರಡನ್ನೂ ಕೆಡವಿ ನಾಲ್ಕು ಅಂತಸ್ತಿನ ಫ್ಲ್ಯಾಟು ಎಬ್ಬಿಸುವ ಮಾತು ಬೀದಿಗೆಲ್ಲ ಗೊತ್ತಿತ್ತು.

“ನಾಟಕ ಬೇಡ ಮುನಿರತ್ನಮ್ಮ. ನಿಂಗೆ ಸಮನ್ಸ್ ಬಂದಿದೆ, ನೀನು ಉತ್ತರಾನೂ ಕೊಟ್ಟಿದೀಯ. ತಕರಾರಿಲ್ಲ, ಬರಲ್ಲ ಅಂತ. ಕೋರ್ಟು ಡಿಕ್ರಿ ಮಾಡಿ ಏಳು ತಿಂಗಳಾಯ್ತು. ಇವತ್ತು ವಾರಂಟ್ ಬಂದಿದೆ. ಖಾಲಿ ಮಾಡ್ಕೊಂಡು ಹೋಗ್ತಾ ಇರು.”

ಒಳಗಿನಿಂದ ಅರ್ಜುನಪ್ಪ ಕೂಗಿದ. “ಬೋಳಿಮಗ್ನೇ!” ಲಕ್ವ ಹೊಡೆದು ಅವನ ಬಲಭಾಗ ಬಿದ್ದು ಎರಡು ವರ್ಷವಾಗಿತ್ತು. ನೀರು ಬೇಕು, ಹಸಿವು ಎಂಬ ಮಾತುಗಳೆಲ್ಲ ಬಾಯಲ್ಲೇ ಮುದ್ದೆಯಾಗುತ್ತಿದ್ದವು. ಬೈಗುಳ ಮಾತ್ರ ನೆಟ್ಟಗೆ ಹೊರಡುತ್ತಿತ್ತು. “ಬೋಳಿಮಗ್ನೇ! ಹಲ್ಕಾ ನನ್ಮಗ್ನೇ!”

ಅಮೀನನ ಮುಖ ಕಪ್ಪಿಟ್ಟಿತು. ಅವನು ಒಳಗೆ ಕಾಲಿಡಲು ಹೋದ. ಮುನಿರತ್ನಮ್ಮ ಏನೂ ಯೋಚಿಸಲಿಲ್ಲ. ಹೊಸಿಲಿಗೆ ಅಡ್ಡ ಮಲಗಿಬಿಟ್ಟಳು.

“ದಾಟ್ಕೊಂಡು ಹೋಗಿ. ದಾಟ್ರಿ, ನೋಡಾನ.”

ಅಮೀನ ಕಾಲು ಹಿಂದಕ್ಕೆ ತೆಗೆದ. “ಪೊಲೀಸ್ ಇಲ್ದೆ ಆಗಲ್ಲ ಸಾರ್. ಅಡ್ಡಿ ಮಾಡಿದ್ರು ಅಂತ ವರದಿ ಹಾಕ್ತೀನಿ. ಒಂದು ತಿಂಗ್ಳು ಅಷ್ಟೆ.” ಹೋಗುವಾಗ ಮಧುಸೂದನ್ ದಂಟಿನ ರಾಶಿಯನ್ನು ಸುತ್ತಿ ಬಳಸಿ, ಶೂಗೆ ಕೆಸರು ತಗುಲದಂತೆ ನಡೆದುಹೋದ.

*

ಆ ಜಾಗ ಒಂದು ಕಾಲಕ್ಕೆ ಸೊಪ್ಪಿನ ಮಡಿಯಾಗಿತ್ತು. ಅರ್ಜುನಪ್ಪನ ಅಪ್ಪ ಅಲ್ಲಿ ಬಾವಿ ತೋಡಿ, ಏತ ಎತ್ತಿ, ಮೂಲಂಗಿ ಕೊತ್ತಂಬರಿ ಬೆಳೆದ ತೋಟದ ತಿಗಳ. ಮಧುಸೂದನನ ತಾತ ಜಾಗ ಕೊಂಡು ಬಂಗಲೆ ಕಟ್ಟಿಸುವಾಗ, “ನೀನೆಲ್ಲೂ ಹೋಗ್ಬೇಡಪ್ಪ, ಗಿಡಕ್ಕೆ ನೀರು ಬಿಡ್ಕೊಂಡು ಹಿಂದ್ಗಡೆ ಇರು” ಅಂದಿದ್ದರು. ಮಧುಸೂದನನ ಅಪ್ಪ ವರದರಾಜರು ಸಾಯುವ ಹಿಂದಿನ ವರ್ಷ ಗಲ್ಲಿಯ ಬಾಗಿಲಿಗೆ ಬಂದು, “ನೀವಿರೋವರೆಗೂ ಇದು ನಿಮ್ದೇ ಕಣೋ ಅರ್ಜುನ” ಅಂದಿದ್ದರು. ಅದು ಅಂದ ಮಾತು. ಬರೆದದ್ದಲ್ಲ.

ಮರುದಿನ ಮುನಿರತ್ನಮ್ಮ ಗಾಡಿ ತಳ್ಳಲಿಲ್ಲ. ಒಗೆದ ಸೀರೆ ಉಟ್ಟು ಬಸ್ಸು ಹತ್ತಿ ಕೋರ್ಟಿಗೆ ಹೋದಳು. ಅಲ್ಲಿ ಅವರಿವರನ್ನು ಕೇಳಿ, ಹೊಸದಾಗಿ ಗಾಜು ಹಾಕಿದ ಒಂದು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಗಾಜಿನಾಚೆ ಕಂಪ್ಯೂಟರಿನ ಮುಂದೆ ಕೂತಿದ್ದವನು ತಲೆ ಎತ್ತಲಿಲ್ಲ.

“ನಂಬರ್?”

“ಯಾವ ನಂಬ್ರ ಸ್ವಾಮಿ?”

“ಕೇಸ್ ನಂಬರ್.”

“ಗೊತ್ತಿಲ್ಲ ಸ್ವಾಮಿ. ಹೆಸ್ರು ಮುನಿರತ್ನಮ್ಮ ಅಂತ. ಮಲ್ಲೇಶ್ವರ.”

“ಹೆಸರು ಕಟ್ಕೊಂಡು ನಾನೇನ್ಮಾಡ್ಲಿ? ನಂಬರ್ ನೋಟೀಸಲ್ಲಿ ಇರತ್ತೆ, ನೋಡ್ಕೊಂಡು ಬಾ.”

“ನೋಟೀಸೇ ಬಂದಿಲ್ಲ ಸ್ವಾಮಿ. ಅದ್ಕೇ ಬಂದಿವ್ನಿ.”

“ಬಂದಿದೆಯೋ ಇಲ್ವೋ ಕಂಪ್ಯೂಟರಲ್ಲಿ ನೋಡಿ ಹೇಳ್ಬೇಕು. ನಂಬರ್ ಹೇಳು.”

ಹಿಂದಿನಿಂದ ಯಾರೋ ಅವಳ ಭುಜ ತಳ್ಳಿದರು. “ನಡಿಯಮ್ಮ, ನಡಿ, ಬಂದ್ಬಿಟ್ಲು ಇಲ್ಲಿಗೆ.” ಅವಳು ಸಾಲಿನಿಂದ ಹೊರಗೆ ಬಿದ್ದಳು.

ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಶೀನಣ್ಣ ಎಂಬ ಟೈಪಿಸ್ಟು ಕೂತಿದ್ದ. ಮೂವತ್ತು ವರ್ಷ ಅರ್ಜಿ ಬಡಿದ ಮಿಷನ್ನಿಗೆ ಈಗ ದಿನವೆಲ್ಲ ಗೋಣಿ ಹೊದಿಸಿಟ್ಟಿದ್ದ. ಎದುರು ಸಾಲಿನ ಅಂಗಡಿಗಳೆಲ್ಲ ಕಂಪ್ಯೂಟರ್ ಆಗಿದ್ದವು. ಕೆಲಸವಿಲ್ಲದ ಅವನಿಗೆ ಕೇಳಿಸಿಕೊಳ್ಳುವ ಪುರಸೊತ್ತಿತ್ತು. ಎಲ್ಲ ಕೇಳಿಸಿಕೊಂಡು, ಪರಿಚಯದ ಗುಮಾಸ್ತನನ್ನು ಹಿಡಿದು, ವಾರದೊಳಗೆ ಕೇಸಿನ ನಕಲು ತೆಗೆಸಿಕೊಟ್ಟ. ಇಂಗ್ಲಿಷಿನಲ್ಲಿದ್ದುದನ್ನು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದ.

“ನೋಡಮ್ಮ. ನೀನು ಮನೇಲಿಲ್ಲ ಅಂತ ಅಮೀನ ಎರಡು ಸತಿ ಬರೆದವನೆ. ನೀನು ಬೇಕಂತ ತಪ್ಪಿಸ್ಕೊಂಡು ಓಡಾಡ್ತಿದೀಯ, ನಿಂಗೆ ಈ-ಮೇಲ್ ಇದೆ, ಅಲ್ಲಿಗೆ ಕಳಿಸ್ತೀವಿ ಅಂತ ಅವ್ರ ವಕೀಲ ಕೇಳವನೆ. ಕೋರ್ಟು ಹೂಂ ಅಂದಿದೆ. ಇಲ್ಲಿ ನೋಡು, ಅಡ್ರೆಸ್ಸು. ಮುನಿರತ್ನಮ್ಮ, ಆಮೇಲೆ ಒಂದು ಗೀಟು, ಆಮೇಲೆ ಸೊಪ್ಪು.”

“ಸೊಪ್ಪಾ?”

“ಸೊಪ್ಪೇ. ಇಂಗ್ಲಿಷಲ್ಲಿ ಬರೆದಿದೆ. ಈ ಅಡ್ರೆಸ್ಸಿಂದ ಉತ್ತರ ಬಂದಿದೆ. ‘ಸಮನ್ಸ್ ಮುಟ್ಟಿದೆ. ನಾನು ಹಾಜರಾಗುವುದಿಲ್ಲ. ನನಗೆ ತಕರಾರಿಲ್ಲ.’ ಇದ್ನ ನೀನು ಬರೀಲಿಲ್ವಾ?”

“ನಂಗೆ ಸೈನೂ ಬರಾಕಿಲ್ಲ ಶೀನಣ್ಣ. ಹೆಬ್ಬೆಟ್ಟು.”

ಶೀನಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡ. “ಹಾಗಾದ್ರೆ ನಿನ್ನ ಹೆಸ್ರು, ನಿನ್ನ ಕಸುಬು ಎರಡೂ ಗೊತ್ತಿರೋರು ಯಾರೋ ಮಾಡವ್ರೆ.”

*

ಸಂಜೆ ಮಗಳು ರಮ್ಯಶ್ರೀ ಕಾಲೇಜಿನಿಂದ ಬಂದು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು. ಎರಡನೇ ಪಿಯುಸಿ. ಬೆಳಿಗ್ಗೆ ಹೊತ್ತು ಮುಂದಿನ ಬಂಗಲೆಯಲ್ಲಿ ಕಸ ಗುಡಿಸಿ ನೆಲ ಒರೆಸಿ ಬರುತ್ತಿದ್ದಳು. ಮುನಿರತ್ನಮ್ಮ ಕಾಗದ ಅವಳ ಮುಂದೆ ಹಿಡಿದು, ಶೀನಣ್ಣ ಬೆರಳಿಟ್ಟ ಜಾಗವನ್ನು ತೋರಿಸಿದಳು. ರಮ್ಯಶ್ರೀ ಓದಿದಳು. ಚಮಚ ಕೈಯಲ್ಲೇ ಉಳಿಯಿತು. ಗಂಜಿ ಅರ್ಜುನಪ್ಪನ ಗಲ್ಲದಿಂದ ಕತ್ತಿಗೆ ಇಳಿಯಿತು.

“ಅಮ್ಮಾ, ಇದು ನಾನು ಮಾಡಿದ್ದು.”

ನೆಲ ಒರೆಸಿದ ಮೇಲೆ ಮಧುಸೂದನನ ಹೆಂಡತಿ ಆರಾಧನಾ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಕಲಿಸುತ್ತಿದ್ದಳು. ಬೇರೆ ಯಾರೂ ಆ ಬೀದಿಯಲ್ಲಿ ಕೆಲಸದವರನ್ನು ಕುರ್ಚಿಯ ಮೇಲೆ ಕೂರಿಸುತ್ತಿರಲಿಲ್ಲ. ಮೊದಲು ರಮ್ಯಶ್ರೀಗೊಂದು ಈ-ಮೇಲ್ ವಿಳಾಸ ಮಾಡಿಸಿದಳು. ಇನ್ನೊಂದು ಸಲ ನೀನೇ ಮಾಡು, ಕೈ ಕೂಡತ್ತೆ ಅಂದಳು. ಯಾರ ಹೆಸರಲ್ಲಿ ಅಕ್ಕ ಅಂದರೆ, ನಿಮ್ಮಮ್ಮನ ಹೆಸರಲ್ಲಿ ಅಂದಳು. ಪರದೆಯ ಮೇಲೆ ಅಮ್ಮನ ಹೆಸರು ಕಂಡು ರಮ್ಯಶ್ರೀಗೆ ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಬಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದಳು. ಮರೆತುಹೋಗದ ಹಾಗೆ ಗುಟ್ಟಿನ ಪದವನ್ನು ಕಂಪ್ಯೂಟರಿನ ಪಕ್ಕದ ಡೈರಿಯಲ್ಲಿ ಬರೆದಿಡು ಅಂದವಳೂ ಆರಾಧನಾ.

ಮುನಿರತ್ನಮ್ಮ ಮಗಳ ಕೆನ್ನೆಗೆ ಬಾರಿಸಿದಳು. ಮತ್ತೊಂದು ಬಾರಿಸಲು ಎತ್ತಿದ ಕೈ ನಿಂತಿತು. ಆಮೇಲೆ ಏನು ಮಾಡಬೇಕೆಂದು ತೋಚದೆ ಗಂಡನ ಕತ್ತಿನ ಮೇಲಿನ ಗಂಜಿ ಒರೆಸಿದಳು.

“ನಿನ್ನ ಹೆಸ್ರು ಎಲ್ಲೂ ಇಲ್ವಲ್ಲ ಅಂತ ಮಾಡ್ದೆ ಕಣಮ್ಮ,” ಅಂದಳು ರಮ್ಯಶ್ರೀ. “ಮನೆ ಕಾಗದದಲ್ಲಿಲ್ಲ, ಬ್ಯಾಂಕಲ್ಲಿಲ್ಲ. ಅಲ್ಲಾದ್ರೂ ಇರ್ಲಿ ಅಂತ.”

ಬೆಳಿಗ್ಗೆ ರಮ್ಯಶ್ರೀಯೇ ಬಂಗಲೆಗೆ ಹೋದಳು. ಆರಾಧನಾ ಗ್ರಿಲ್ ಬಾಗಿಲು ತೆಗೆಯಲಿಲ್ಲ. ಸರಳುಗಳ ಆಚೆಯೇ ನಿಂತು ಮಾತಾಡಿದಳು. ಕಣ್ಣು ಕೆಂಪಗಿದ್ದವು.

“ನಂಗೇನೂ ಗೊತ್ತಿಲ್ಲ ಕಣೆ. ಅವ್ರು ಆಫೀಸಿನ ಕೆಲ್ಸಕ್ಕೆ ಕೂತ್ಕೋತಾರೆ, ನಾನು ಹೋಗಿ ನೋಡಕ್ಕಾಗತ್ತಾ?”

“ಡೈರೀಲಿ ಬರೆದಿದ್ದು ಅವ್ರಿಗೆ ತೋರಿಸಿದ್ರಾ ಅಕ್ಕ?”

“ನಾನು ನಿಂಗೆ ಒಳ್ಳೇದು ಮಾಡಕ್ಕೆ ಹೋದೆ. ಅದಕ್ಕೆ ಇದಾ ನೀನು ಕೇಳೋದು?” ಒಮ್ಮೆ ಒಳಗೆ ತಿರುಗಿ ನೋಡಿ ಮತ್ತೆ ಅಂದಳು, “ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ. ನಿಂಗೂ ಕಷ್ಟ, ನಮಗೂ ಕಷ್ಟ.”

*

ಶೀನಣ್ಣ ಹಿಡಿದುಕೊಟ್ಟ ವಕೀಲರು ಮಲ್ಲಿಕಾರ್ಜುನಯ್ಯ. ಬಡವರ ಕೇಸು ಬಿಟ್ಟಿ ನಡೆಸಿಕೊಡುತ್ತಾರೆಂಬ ಹೆಸರಿತ್ತು. ಡಿಕ್ರಿ ರದ್ದು ಮಾಡಿ, ನಮ್ಮ ಮಾತೂ ಕೇಳಿ ಎಂದು ಅರ್ಜಿ ಹಾಕಿದರು. ವಿಚಾರಣೆಯ ದಿನ ವರಾಂಡದಲ್ಲಿ ತಾಯಿ ಮಗಳನ್ನು ನಿಲ್ಲಿಸಿಕೊಂಡು ದನಿ ತಗ್ಗಿಸಿದರು.

“ಆ ಮೇಲ್ ಯಾರದೋ, ಏನೋ, ನಮಗೆ ಗೊತ್ತಿಲ್ಲ. ಅಷ್ಟೇ ಹೇಳೋದು. ಮಗಳ ವಿಷಯ ಎತ್ತಬೇಡಿ. ಎತ್ತಿದ್ರಿ ಅಂದ್ರೆ ಕೇಸು ಮುಗೀತು.”

“ನಿಜ ಹೇಳಿದ್ರೆ ಮುಗಿಯೋದಾ ಸಾರ್?” ರಮ್ಯಶ್ರೀ ಕೇಳಿದಳು.

“ಮುಗಿಯತ್ತೆ ತಾಯಿ. ನಿಜ ಹೇಳೋಕೂ ಸಾಕ್ಷಿ ಬೇಕು.”

ಮುನಿರತ್ನಮ್ಮ ಕಟಕಟೆ ಹತ್ತಿದಳು. ಆ ಕಡೆಯ ವಕೀಲ ಸಣ್ಣ ವಯಸ್ಸಿನವನು, ನಗುಮುಖದವನು. ಬಲು ಮರ್ಯಾದೆಯಿಂದ ಕೇಳಿದ.

“ಅಮ್ಮ, ನಿಮಗೆ ಈ-ಮೇಲ್ ಅಂದ್ರೆ ಗೊತ್ತಿಲ್ಲ.”

“ಇಲ್ಲ ಸ್ವಾಮಿ.”

“ಯಾರಿಗೂ ಯಾವತ್ತೂ ಕಳಿಸಿಲ್ಲ.”

“ಇಲ್ಲ ಸ್ವಾಮಿ.”

ಅವನು ಫೈಲಿನಿಂದ ಒಂದು ಹಾಳೆ ತೆಗೆದ. “ಕೇಸು ಹಾಕೋಕೆ ಐದು ತಿಂಗಳು ಮುಂಚೆ, ಇದೇ ವಿಳಾಸದಿಂದ ನನ್ನ ಕಕ್ಷಿದಾರರ ಶ್ರೀಮತಿ ಆರಾಧನಾ ಅವರಿಗೆ ಬಂದ ಪತ್ರ ಇದು. ಓದ್ತೀನಿ. ‘ಆರಾಧನಾ ಅಕ್ಕ, ನಾನು ಮುನಿರತ್ನಮ್ಮ. ಇವತ್ತು ದಂಟು ಎಳೇದಿದೆ, ಸಬ್ಬಸಿಗೆ ಘಮ್ ಅಂತಿದೆ. ಯಾವ್ದು ಕೊಡ್ಲಿ?’”

ಕೋರ್ಟ್ ಹಾಲಿನಲ್ಲಿ ಕೂತವರೆಲ್ಲ ನಕ್ಕರು. ಬೆಂಚ್ ಕ್ಲರ್ಕೂ ನಕ್ಕ. ಜಡ್ಜ್ ಸಾಹೇಬರ ತುಟಿಯಂಚೂ ಕೊಂಚ ಮೇಲಕ್ಕೆ ಹೋಯಿತು.

“ಸೊಪ್ಪು ಮಾರೋದಕ್ಕೆ ಮೇಲ್ ಗೊತ್ತಿದೆ ಸ್ವಾಮಿ. ಸಮನ್ಸ್ ಬಂದಾಗ ಮಾತ್ರ ಗೊತ್ತಿಲ್ಲ,” ವಕೀಲ ಸಾಹೇಬರ ಕಡೆ ತಿರುಗಿ ಅಂದ.

ಮುನಿರತ್ನಮ್ಮನಿಗೆ ನಗುವಿನ ನಡುವೆ ಒಂದೇ ತಿಳಿಯುತ್ತಿತ್ತು. ಅದು ಅವಳ ಮಾತೇ. ದಿನಾ ಗೇಟಿನ ಮುಂದೆ ನಿಂತು ಅವಳು ಹೇಳುತ್ತಿದ್ದ ಮಾತನ್ನು ಮಗಳು ಅಕ್ಷರಕ್ಕಕ್ಷರ ಆಟಕ್ಕೆ ಬರೆದಿದ್ದಳು. ಅದನ್ನು ಅಲ್ಲಗಳೆಯಲು ಅವಳಿಗೆ ಬಾಯಿ ಬರಲಿಲ್ಲ.

ಹಿಂದಿನ ಬೆಂಚಿನಿಂದ ರಮ್ಯಶ್ರೀ ಎದ್ದಳು. “ಅದು ನಾನು ಬರೆದಿದ್ದು ಸಾರ್.”

ಮಲ್ಲಿಕಾರ್ಜುನಯ್ಯ ಕಣ್ಣು ಮುಚ್ಚಿಕೊಂಡರು. ಸಾಹೇಬರು ಅವಳನ್ನು ಮುಂದಕ್ಕೆ ಕರೆದರು. ಗದರಲಿಲ್ಲ. ಹೆಸರು, ವಯಸ್ಸು, ಕಾಲೇಜು ಎಲ್ಲ ಕೇಳಿದರು.

“ವಿಳಾಸ ನೀನೇ ಮಾಡಿದ್ದು?”

“ಹೌದು ಸಾರ್. ಅವ್ರ ಮನೇಲೇ, ಅವ್ರ ಕಂಪ್ಯೂಟರಲ್ಲೇ. ಆ ಉತ್ತರ ಮಾತ್ರ ನಾನು ಬರೆದಿಲ್ಲ. ಅದು ಅವ್ರೇ…”

“ಅವರೇ ಬರೆದರು ಅನ್ನೋಕೆ ಏನಿದೆ?”

“ಅವ್ರ ಡೈರೀಲಿ…”

“ಡೈರಿ ಎಲ್ಲಿದೆ?”

ರಮ್ಯಶ್ರೀ ತಿರುಗಿ ಬೆಂಚುಗಳ ಕಡೆ ನೋಡಿದಳು. ಆರಾಧನಾ ಕೋರ್ಟಿಗೆ ಬಂದಿರಲಿಲ್ಲ. ಅವಳನ್ನು ಕರೆಸಿ ಎಂದು ಮಲ್ಲಿಕಾರ್ಜುನಯ್ಯ ಕೇಳಿದ್ದಕ್ಕೆ ಸಾಹೇಬರು ಗಡಿಯಾರ ನೋಡಿದರು. ದಿನಕ್ಕೆ ಎಂಬತ್ತು ಕೇಸು ನೋಡುವ ಮನುಷ್ಯ, ದಣಿದಿದ್ದರು.

“ವಿಳಾಸ ನಿಮ್ಮ ಮನೆಯವರದೇ ಅಂತ ಒಪ್ಪಿಕೊಂಡಿದ್ದೀರಿ. ಪತ್ರ ಹೋಗಿದೆ. ಉತ್ತರ ಬಂದಿದೆ. ಕೋರ್ಟು ಇನ್ನೇನು ಮಾಡಬೇಕಮ್ಮ, ಹೇಳಿ?”

ಅದು ಕೇಳುವ ಪ್ರಶ್ನೆಯೋ, ಮುಗಿಸುವ ಪ್ರಶ್ನೆಯೋ ಮುನಿರತ್ನಮ್ಮನಿಗೆ ತಿಳಿಯಲಿಲ್ಲ. ಉತ್ತರ ಹೇಳಲೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಕೇಸಿನ ನಂಬರು ಕೂಗಿದರು.

*

ಅರ್ಜಿ ವಜಾ ಆದ ಮುಂದಿನ ಸೋಮವಾರ ಬಂದರು. ಇಬ್ಬರು ಪೊಲೀಸರು, ಒಂದು ಟೆಂಪೊ, ನಾಲ್ವರು ಕೂಲಿಗಳು, ಅಮೀನ ನಾರಾಯಣಪ್ಪ. ಅವರ ಹಿಂದೆ ಹೆಗಲಿಗೆ ತಮಟೆ ನೇತುಹಾಕಿಕೊಂಡ ಮುದುಕ ಪಿಳ್ಳಯ್ಯ. ಅವನು ಮತ್ತಿಕೆರೆಯ ಆಚೆಯ ಕೇರಿಯವನು. ಬಂದವನೇ ಗಲ್ಲಿಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹರಕು ಪೇಪರಿಗೆ ಕಡ್ಡಿ ಗೀರಿ, ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದ.

“ಇದೆಲ್ಲ ಯಾಕ್ರೀ?” ಮಧುಸೂದನ್ ಮುಖ ಹುಳಿ ಮಾಡಿದ. “ಬೀದಿಯವರೆಲ್ಲ ನೋಡ್ತಾರೆ.”

“ಸಮನ್ಸ್ ಕಂಪ್ಯೂಟರ್‌ನಾಗೆ ಹೋದ್ರೂ ಕಬ್ಜೆ ಕೊಡ್ಸೋವಾಗ ಡಂಗುರ ಹೊಡೀಬೇಕು ಸಾರ್. ಬ್ರಿಟಿಷ್‌ನೋರ ರೂಲು. ವರದೀನಾಗೆ ಕಾಲಮ್ ಐತೆ, ತುಂಬ್ಬೇಕು.”

ಕೂಲಿಗಳು ಒಳಗೆ ನುಗ್ಗಿದರು. ಅಕ್ಕಿ ಡಬ್ಬ ಬಂತು, ಟ್ರಂಕು ಬಂತು, ದೇವರ ಪಟ ಬಂತು, ರಮ್ಯಶ್ರೀಯ ಪುಸ್ತಕಗಳು ಬಂದವು. ಎಲ್ಲ ಮೋರಿಯ ಪಕ್ಕ ಬಿದ್ದವು. ಕೊನೆಗೆ ನಾಲ್ವರೂ ಸೇರಿ ಮಂಚವನ್ನು ಅರ್ಜುನಪ್ಪನ ಸಮೇತ ಎತ್ತಿ ಹೊರಗೆ ತಂದರು. ಬಾಗಿಲು ಕಿರಿದಾಗಿ ಮಂಚ ಓರೆಯಾಯಿತು. ಅವನು ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡ. ಪೊಲೀಸಿನವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅರ್ಜುನಪ್ಪ ಆವತ್ತು ಬೈಯಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆಕಾಶ ನೋಡುತ್ತ ಮಲಗಿದ.

ಎದುರು ಮನೆಗಳ ಹಿತ್ತಿಲ ಕಿಟಕಿಗಳಲ್ಲಿ ಮುಖಗಳು ಕಂಡವು. ಇಪ್ಪತ್ತು ವರ್ಷ ಅವಳ ಕೈಯಿಂದ ಸೊಪ್ಪು ತೆಗೆದುಕೊಂಡ ಮುಖಗಳು. ಜಾನಕಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಯಾರೂ ಕೆಳಗೆ ಇಳಿದು ಬರಲಿಲ್ಲ.

ಅಮೀನ ಬಾಗಿಲಿಗೆ ಬೀಗ ಹಾಕಿ, ಕಾಗದ ಅಂಟಿಸಿದ. “ಹೂಂ, ಹೊಡಿಯೋ ಪಿಳ್ಳ. ನಾಕು ಏಟು ಹಾಕು, ಸಾಕು.”

ಪಿಳ್ಳಯ್ಯ ಎದ್ದ. ಮಂಚದ ಮೇಲಿನ ಅರ್ಜುನಪ್ಪನನ್ನು ನೋಡಿದ. ಕಡ್ಡಿ ಎತ್ತಿದ ಕೈ ಹಾಗೇ ನಿಂತಿತು.

“ಏನ್ಲಾ ನೋಡ್ತೀಯ, ಸೂಳೆಮಗ್ನೆ? ಹೊಡಿ ಅಂದ್ರೆ.”

ಮುನಿರತ್ನಮ್ಮ ಟ್ರಂಕಿನ ಮೇಲೆ ಕೂತಿದ್ದವಳು ಎದ್ದು ಅವನ ಹತ್ತಿರ ಬಂದಳು. “ಕೊಡಣ್ಣ ಇಲ್ಲಿ.”

ಪಿಳ್ಳಯ್ಯ ಗಾಬರಿಯಾಗಿ ಹಿಂದೆ ಸರಿದ. “ಬ್ಯಾಡ ಕಣಮ್ಮ, ನೀವು ಮುಟ್ಬಾರ್ದು. ಚರ್ಮದ್ದು.”

ಅದು ಅವಳಿಗೂ ಗೊತ್ತಿತ್ತು. ಅವಳ ತವರಿನಲ್ಲಿ ತಮಟೆ ತಗುಲಿದರೆ ತಲೆ ಮೇಲೆ ನೀರು ಹುಯ್ದುಕೊಂಡು ಒಳಗೆ ಬರುತ್ತಿದ್ದರು. ಅವಳೂ ಹಾಗೆ ಮಾಡಿದ್ದಳು. ಈಗ ಹುಯ್ದುಕೊಳ್ಳಲು ನೀರೂ ಇರಲಿಲ್ಲ, ಬರಲು ಒಳಗೂ ಇರಲಿಲ್ಲ. ಅವಳು ಅವನ ಹೆಗಲಿನಿಂದ ತಮಟೆ ಬಿಡಿಸಿಕೊಂಡು ತನ್ನ ಕೊರಳಿಗೆ ಹಾಕಿಕೊಂಡಳು. ಕಡ್ಡಿ ಹಿಡಿಯುವುದು ಹೇಗೆಂದು ತಿಳಿಯದೆ ಬರಿಯ ಅಂಗೈಯಲ್ಲಿ ಬಡಿದಳು.

“ಕೇಳ್ರಪ್ಪೋ! ಕೇಳ್ರಮ್ಮೋ! ಕಿಟ್ಕಿ ಮರೇಲಿ ನಿಂತಿರೋರೆಲ್ಲ ಕೇಳ್ರೀ! ಇಲ್ಲಿ ಬಾವಿ ತೋಡಿದ್ದು ನಮ್ಮಾವ! ಈ ಮಧುಸೂದನ ನನ್ನ ಹೆಸ್ರಲ್ಲಿ ತಾನೇ ಕಾಗ್ದ ಬರ್ಕೊಂಡು, ತಾನೇ ಕಳ್ಸಿ, ತಾನೇ ಮುಟ್ಟಿಸ್ಕೊಂಡವ್ನೆ! ನನ್ನ ಮಗ್ಳ ಅಕ್ಷರ ಕದ್ದವ್ನೆ! ಕೇಳ್ರಪ್ಪೋ!”

ಬಡಿತಕ್ಕೆ ತಾಳವಿರಲಿಲ್ಲ. ಒಂದೊಂದು ಕಿಟಕಿಯಾಗಿ ಮುಚ್ಚಿಕೊಂಡಿತು. ಜಾನಕಮ್ಮನವರದು ಎಲ್ಲಕ್ಕಿಂತ ತಡವಾಗಿ. ಮಧುಸೂದನ್, “ನಿಲ್ಸ್ರೀ ಅವಳನ್ನ, ನಿಲ್ಸ್ರೀ” ಎಂದು ಕೂಗಿದ. ಪೊಲೀಸಿನವನು ಲಾಠಿ ಹಿಡಿದು ಮುಂದೆ ಬಂದ. ರಮ್ಯಶ್ರೀ ಅಮ್ಮನ ಮುಂದೆ ಅಡ್ಡ ನಿಂತಳು.

ಅಮೀನ ನಾರಾಯಣಪ್ಪ ಕೈ ಎತ್ತಿ ಪೊಲೀಸಿನವನನ್ನು ತಡೆದ. “ಇರ್ಲಿ ಬಿಡಿ. ಒಳ್ಳೇದೇ ಆಯ್ತು.” ಟ್ರಂಕಿನ ಮೇಲೆ ವರದಿಯ ಪಟ್ಟಿ ಇಟ್ಟುಕೊಂಡು, ಪೆನ್ನು ಕೊಡವಿ, ನಿಧಾನವಾಗಿ ಬರೆದ. ಬರೆದದ್ದನ್ನು ಮಧುಸೂದನನಿಗೆ ಕೇಳುವಂತೆ ಓದಿದ. “ಸ್ಥಳದಲ್ಲಿ ತಮಟೆ ಬಾರಿಸಿ, ನೆರೆಹೊರೆಯವರ ಸಮಕ್ಷಮ ಡಂಗುರ ಸಾರಲಾಯಿತು.” ಪಟ್ಟಿಯನ್ನು ಪಿಳ್ಳಯ್ಯನ ಮುಂದೆ ಹಿಡಿದ. “ಹಾಕೋ ಹೆಬ್ಬೆಟ್ಟು.”

ಪಿಳ್ಳಯ್ಯ ಹಾಕಿದ. ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಮುನಿರತ್ನಮ್ಮನ ಕಡೆ ತಿರುಗಿದ.

“ಸಾಕು ಕಣಮ್ಮ. ಬರ್ಕೊಂಡ್ರು.”

ಅವಳು ನಿಲ್ಲಿಸಲಿಲ್ಲ. ಅಂಗೈ ಕೆಂಪೇರಿತ್ತು. ಚರ್ಮ ಆರುತ್ತ ಬಂದು ಸದ್ದು ಮಂಕಾಯಿತು. ಟೆಂಪೊ ಹೊರಟಿತು. ಮುಚ್ಚಿದ ಕಿಟಕಿಗಳ ಸಾಲಿಗೆ ಮುಖ ಮಾಡಿ ನಿಂತು, ಒದ್ದೆ ಗೋಣಿಯನ್ನು ಬಡಿದಂತೆ ಅವಳು ಬಡಿಯುತ್ತಲೇ ಇದ್ದಳು.